ಹಗ್ಗದ್ದೋ, ಸರಪಳಿಯದ್ದೋ

ನಮ್ಮ ನಡುಮನೆಯಲ್ಲಿ, ಕೊಬ್ಬರಿ ಅಟ್ಟಕ್ಕೆ ಹತ್ತುವ ಏಣಿಯ ಪಕ್ಕ, ಮೂರು ಮೊಳೆಗಳಿವೆ. ಎರಡರಲ್ಲಿ ಒಂದೊಂದು ಜೊತೆ ಕೋಲು ತೂಗುತ್ತಿರುತ್ತವೆ. ಮೂರನೆಯ ಮೊಳೆ ಖಾಲಿ. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅತ್ತ ನೋಡಿ, ಕರು ಕಟ್ಟುವ ಸಾಮಾನಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ. ಕೆಲವರು ಕೇಳಿಯೇ ಬಿಡುತ್ತಾರೆ. ಕೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಐವತ್ತರ ಹತ್ತಿರ ಬಂದಿರುವ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ, ಮಂಡಿನೋವಿನ ಹೆಂಗಸೊಬ್ಬಳು ಅದನ್ನು ಗಿರಗಿರ ಬೀಸುತ್ತಾಳೆ ಎಂದು ನಾನೇ ನನ್ನ ಬಾಯಿಂದ ಹೇಳಬೇಕಲ್ಲ.

ಅದರ ಹೆಸರು ನಂಚಾಕು. ಮೊಳಕ್ಕಿಂತ ಕೊಂಚ ಚಿಕ್ಕದಾದ ಎರಡು ಕೋಲು, ನಡುವೆ ಒಂದು ಕೊಂಡಿ, ಅಷ್ಟೇ. ಕೋಲು ಹೇಗೂ ಕೋಲೇ, ಅದರಲ್ಲಿ ಜಗಳವಿಲ್ಲ. ಜಗಳವೆಲ್ಲ ಕೊಂಡಿಯದು. ಅದು ಹಗ್ಗದ್ದಿರಬೇಕೋ, ಸರಪಳಿಯದ್ದಿರಬೇಕೋ ಎಂದು ತಿಪಟೂರಿನ ನಮ್ಮ ಶಾಲೆಯ ಸಭಾಂಗಣದಲ್ಲಿ ಹುಡುಗಿಯರು ಬಾಯಿ ನೋಯುವಷ್ಟು ವಾದ ಮಾಡುತ್ತಾರೆ. ಹಗ್ಗ ಹಗುರ, ಸದ್ದಿಲ್ಲ, ತಪ್ಪು ಮಾಡಿದರೂ ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಸವೆಯುತ್ತದೆ, ಆಗಾಗ ಎಳೆ ಎಳೆ ನೋಡಿ ಬದಲಿಸಬೇಕು. ಸರಪಳಿ ತೂಕ, ಚರ್ಮ ಕಚ್ಚುತ್ತದೆ, ಝಲ್ಲೆಂದು ಊರಿಗೆಲ್ಲ ಸಾರುತ್ತದೆ. ಆದರೆ ಅದರ ಎರಡು ತುದಿಗೂ ಬೇರಿಂಗು ಕೂರಿಸಿದ್ದರೆ, ಬೋರ್‌ವೆಲ್ ಮೋಟಾರಿನಲ್ಲಿರುತ್ತದಲ್ಲ ಅದರ ಚಿಕ್ಕ ತಮ್ಮ, ಕೋಲು ತಿರುಚಿಕೊಳ್ಳದೆ ನೀರಿನ ಹಾಗೆ ಸುತ್ತುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವಳು ಶಬಾನಾ. ನನ್ನ ಹಳೆಯ ವಿದ್ಯಾರ್ಥಿನಿ. ಒತ್ತಕ್ಷರಗಳನ್ನು ಬೇಕಾದ ಕಡೆ ಬಿಟ್ಟು ಬೇಡದ ಕಡೆ ಹಾಕುತ್ತಿದ್ದವಳು, ಈಗ ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಕರಾಟೆ ಹೇಳಿಕೊಡಲು ಬರುತ್ತಾಳೆ. ಹುಡುಗಿಯರ ಜೊತೆ ಒಬ್ಬ ಮೇಡಂ ಇರಲೇಬೇಕೆಂದು ಹೆಡ್‌ಮಾಸ್ತರು ನನ್ನನ್ನು ಕೂರಿಸಿದರು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೂತು ಸಾಕಾಗಿ ಒಂದು ದಿನ ಕೋಲು ಕೈಗೆ ತೆಗೆದುಕೊಂಡೆ. "ಟೀಚರ್, ಕೈ ಹಂಗಲ್ಲ, ಜರಾ ಸಡ್ಲ ಬುಡಿ," ಎಂದು ಅವಳು ನನ್ನ ಮಣಿಕಟ್ಟು ತಿದ್ದಿದಾಗ, ಅಷ್ಟು ವರ್ಷ ಅವಳ ಅಕ್ಷರ ತಿದ್ದಿದ್ದಕ್ಕೆ ಸರಿಯಾಗಿಯೇ ಆಯಿತು ಅನ್ನಿಸಿತು.

ಊರಿನಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ನಮ್ಮದು ಬಿಳಿಗೆರೆ. ಸಂಜೆ ತಡವಾಗಿ ಬಸ್ಸಿಳಿದರೆ "ಸ್ಪೆಷಲ್ ಕ್ಲಾಸು" ಎನ್ನುತ್ತಿದ್ದೆ. ಗೊತ್ತಿದ್ದವರು ನಮ್ಮ ಯಜಮಾನರು ನಂಜುಂಡಪ್ಪನವರೊಬ್ಬರೇ. ಎತ್ತಿಗೆ ಬಾರುಕೋಲು ತೋರಿಸಲೂ ಹಿಂದೆಮುಂದೆ ನೋಡುವ ಮನುಷ್ಯ. ಗಿಡದ ಮೇಲೆ ಗೊಣಗುವುದನ್ನು ಬಿಟ್ಟರೆ ಯಾರ ಮೇಲೂ ದನಿ ಎತ್ತಿದವರಲ್ಲ. ನಾನು ಕೋಲು ಬೀಸಲು ಕಲಿಯುತ್ತಿದ್ದೇನೆ ಎಂದಾಗ ನಗಲಿಲ್ಲ. ಹಳೇ ಕೊಟ್ಟಿಗೆಯ ತೆಂಗಿನ ತೊಲೆ ಒಂದಿತ್ತು, ಅದನ್ನು ಕುಯ್ಯಿಸಿ, ನುಣ್ಣಗೆ ಹೆರೆದು ಎರಡು ಕೋಲು ಮಾಡಿದರು. ಆಮೇಲೆ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ನಾರು ಹೊಸೆದು, ಕೊಂಡಿಗೆ ಹಗ್ಗವನ್ನೂ ಮಾಡಿದರು.

ನಾರಿನ ಹಗ್ಗ ಎಂದರೆ ನಮ್ಮ ಕಡೆಯವರಿಗೆ ಸ್ವಲ್ಪ ಅತಿಯಾದ ನಂಬಿಕೆ. ಬಾವಿಗೆ ಅದೇ, ಹಸುವಿಗೆ ಅದೇ, ತೊಟ್ಟಿಲಿಗೂ ಅದೇ. ನಮ್ಮಜ್ಜಿ ಕೆರೆಯಲ್ಲಿ ನೆನೆಹಾಕಿದ ಸಿಪ್ಪೆ ತಂದು ಬಡಿಯುತ್ತಿದ್ದಾಗ ಬರುತ್ತಿದ್ದ ಆ ಕೊಳೆತ ವಾಸನೆ ನನಗೆ ಇವತ್ತಿಗೂ ರಜೆಯ ವಾಸನೆ. ಹಾಗಾಗಿ ನಾನೂ ಹೆಮ್ಮೆಯಿಂದಲೇ ಆ ಕೋಲುಗಳನ್ನು ಶಾಲೆಗೆ ಹಿಡಿದುಕೊಂಡು ಹೋದೆ. ನಾಲ್ಕು ಸುತ್ತು ಬೀಸುವುದರೊಳಗೆ ಸಭಾಂಗಣದ ತುಂಬ ನಾರಿನ ಜುಂಗು ಉದುರಿತು. ಬೆರಳ ಸಂದಿಯೆಲ್ಲ ಮುಳ್ಳು ತರಚಿದ ಹಾಗಾಯಿತು. ಒರಟು ನಾರು ಕೋಲಿನ ತೂತಿನಲ್ಲಿ ಕಚ್ಚಿಕೊಂಡು, ಸುತ್ತಬೇಕಾದ ಕೋಲು ನಡುವೆಯೇ ನಿಂತು ನನ್ನ ಮುಖ ನೋಡಿತು. ಶಬಾನಾ ಹಗ್ಗವನ್ನು ಬೆರಳಲ್ಲಿ ಒತ್ತಿ, "ಟೀಚರ್, ಇದು ಬಾವಿಗೆ ಸರಿ," ಎಂದಳು. ಹುಡುಗಿಯರು ನಗಬಾರದೆಂದು ತುಟಿ ಕಚ್ಚಿಕೊಂಡರು. ಯಜಮಾನರಿಗೆ ನಾನು ಇದನ್ನು ಹೇಳಲಿಲ್ಲ. ಮಾರನೆಯ ವಾರ ನೈಲಾನ್ ಹಗ್ಗದ್ದೊಂದು ಕೊಂಡೆ, ಅದರ ಮುಂದಿನ ತಿಂಗಳು ಬೇರಿಂಗಿನ ಸರಪಳಿಯದ್ದು. ಮೂರು ಮೊಳೆಗಳ ಲೆಕ್ಕ ಹೀಗೆ.

ಸರಪಳಿಗೂ ನನಗೂ ಹಿಂದಿನಿಂದಲೇ ಅಷ್ಟಕ್ಕಷ್ಟೆ. ಚಿಕ್ಕವಳಿದ್ದಾಗ ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ, ಅವರು ಕೊಬ್ಬರಿ ಮಂಡಿ ಇಟ್ಟಿದ್ದವರು, ಹಿತ್ತಾಳೆ ಸರಪಳಿಯ ತೂಗುಮಣೆಯೊಂದಿತ್ತು. ನಮ್ಮ ತೋಟದ ಹಗ್ಗದ ಉಯ್ಯಾಲೆ ಕಂಡವಳಿಗೆ ಅದು ಅರಮನೆ. ಮದುವೆಯ ಮಾತುಕತೆಗೆಂದು ದೊಡ್ಡವರೆಲ್ಲ ಸೇರಿದ್ದ ದಿನ ಅದರ ಮೇಲೆ ಕೂತು ನನ್ನ ಬೆರಳನ್ನು ಒಂದು ಕೊಂಡಿಯೊಳಗೆ ತೂರಿಸಿದೆ. ಅದು ಆಚೆ ಬರಲಿಲ್ಲ. ಎಲ್ಲರೂ ಊಟಕ್ಕೆ ಕರೆದರು. "ನಂಗೆ ಹಸಿವಿಲ್ಲ" ಎಂದೆ. ಎರಡನೆಯ ಪಂಕ್ತಿಗೂ ಕರೆದರು. ಆಗಲೂ ಹಸಿವಿಲ್ಲ. ಒಬ್ಬಟ್ಟಿನ ವಾಸನೆ ಬರುತ್ತಿದೆ, ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದೆ, ನಾನು ನಗುನಗುತ್ತಾ ತೂಗಿಕೊಳ್ಳುತ್ತಲೇ ಇದ್ದೇನೆ. ಕೊನೆಗೆ ಅಮ್ಮ ನೋಡಿ, ಕೊಬ್ಬರಿ ಎಣ್ಣೆ ಸುರಿದು ಎಳೆದಳು. ನೋವಿಗೆ ಅಳಲಿಲ್ಲ, ನೆಂಟರೆಲ್ಲ ಸುತ್ತ ನಿಂತು ನೋಡಿದರಲ್ಲ, ಅದಕ್ಕೆ ಅತ್ತೆ. ನೋವನ್ನು ತಡೆದುಕೊಂಡೇನು, ಯಾರಾದರೂ ನೋಡುವುದನ್ನು ತಡೆಯಲಾರೆ. ನನ್ನ ಸ್ವಭಾವವೇ ಅದು, ವಯಸ್ಸಾಯಿತೆಂದು ಬದಲಾಗಲಿಲ್ಲ.

ಹೊಸ ಸರಪಳಿಯ ಜೊತೆಯನ್ನು ಒಂದು ಭಾನುವಾರ ಮಧ್ಯಾಹ್ನ ಹಿತ್ತಲಿಗೆ ತೆಗೆದುಕೊಂಡು ಹೋದೆ. ಸಿಪ್ಪೆ ರಾಶಿಯ ಹಿಂದೆ ಯಾರಿಗೂ ಕಾಣದ ಜಾಗ. ಹಗ್ಗಕ್ಕೆ ಹಾಕುತ್ತಿದ್ದಷ್ಟೇ ಬಲ ಹಾಕಿ ಬೀಸಿದೆ. ಹಗ್ಗದ ಕೋಲು ಹೆಗಲ ಮೇಲಿಂದ ಹೋಗಿ ನಿಧಾನಕ್ಕೆ ಕಂಕುಳ ಕೆಳಗೆ ಬರುತ್ತಿತ್ತು. ಬೇರಿಂಗಿನದು ನಾನು ಕೈ ಚಾಚುವುದಕ್ಕೆ ಮೊದಲೇ ಬಂದು ಎಡಗಣ್ಣಿನ ಕೆಳಗೆ ಬಡಿಯಿತು. ಕೂತುಬಿಟ್ಟೆ. ಸಂಜೆಗೆಲ್ಲ ಆ ಕಡೆ ಕೆನ್ನೆ ಊದಿ ನೀಲಿಗಟ್ಟಿತು. ಯಜಮಾನರು ಅರಿಸಿನ ಬಿಸಿ ಮಾಡಿ ಹಚ್ಚುತ್ತಾ, "ಹಗ್ಗದ್ದೇ ಸಾಕಾಗಿತ್ತಲ್ವಾ," ಎಂದರು. ಅಷ್ಟೇ ಅವರ ಬೈಗುಳ.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಮೊದಲು ಕೇಳಿದವರಿಗೆ ನಾನು ಏನು ಹೇಳಬೇಕು? ಕೋಲು ಬೀಸಲು ಹೋಗಿ ನನಗೆ ನಾನೇ ಬಡಿದುಕೊಂಡೆ ಎನ್ನುವುದೇ? ತೂಗುಮಣೆಯ ಹುಡುಗಿ ಒಳಗಿಂದ ಎದ್ದು ಬಂದಳು. "ಕತ್ಲಲ್ಲಿ ಕದ ತಗುಲ್ತು ಕಣ್ರೀ," ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ತಲೆಯಾಡಿಸಿ ಬೇರೆ ಕಡೆ ನೋಡಿದರು. ಎಷ್ಟು ಸುಲಭವಾಗಿ ನಂಬಿದರಲ್ಲ ಎಂದು ನನಗೆ ನೆಮ್ಮದಿಯಾಯಿತು. ಇಷ್ಟು ವರ್ಷ ಈ ಊರಲ್ಲಿ ಬಾಳಿದವಳಿಗೆ, ಕೆನ್ನೆ ಊದಿದ ಹೆಂಗಸು ಕದ ತಗುಲಿತು ಎಂದರೆ ಊರು ಏನು ಕೇಳಿಸಿಕೊಳ್ಳುತ್ತದೆ ಎನ್ನುವುದು ಹೊಳೆಯದೆ ಹೋಯಿತು ನೋಡಿ. ಬೇರೆಯವರು ಹಾಗೆ ಹೇಳಿದಾಗ ನಾನೂ ಹೀಗೆಯೇ ತಲೆಯಾಡಿಸಿ ಬಸ್ಸಿನ ದಾರಿ ನೋಡಿದವಳೇ.

ಎರಡು ದಿನದಲ್ಲಿ ಗಾಳಿ ಬದಲಾಯಿತು. ಯಜಮಾನರು ಡೈರಿಗೆ ಹಾಲು ಹಾಕಲು ಹೋದರೆ ಮಾತು ನಿಲ್ಲುತ್ತಿತ್ತಂತೆ. ಕ್ಷೌರದ ಅಂಗಡಿಯವನು ಲೋಕದ ಸುದ್ದಿಯೆಲ್ಲ ಹೇಳುವವನು, ಇವರ ತಲೆಗೆ ಕತ್ತರಿ ಹಾಕುವಾಗ ತುಟಿಪಿಟಕ್ಕೆನ್ನಲಿಲ್ಲವಂತೆ. ನಮ್ಮ ಪಕ್ಕದ ಮನೆಯ ಚಂದ್ರಣ್ಣ, ಎಳನೀರು ವ್ಯಾಪಾರದವನು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಅಣ್ಣ ಅಕ್ಕ, ಡೈರಿಯ ಕಟ್ಟೆಯ ಮೇಲೆ ಎಲ್ಲರೆದುರು ಇವರ ಹೆಗಲ ಮೇಲೆ ಕೈಯಿಟ್ಟು, "ಸಿಟ್ಟು ಬತ್ತದೆ ಕಣಣ್ಣ, ನಂಗೂ ಬತ್ತದೆ. ಆದ್ರೆ ಹೆಣ್‌ಜೀವದ ಮೇಲೆ ಕೈ ಮಾಡಬಾರ್ದು," ಎಂದು ಬುದ್ಧಿ ಹೇಳಿದನಂತೆ.

"ನೀವೇನಂದ್ರಿ?" ಎಂದು ಕೇಳಿದೆ.

"ಏನನ್ಲಿ. ಆಯ್ತು ಬುಡಪ್ಪ ಅಂದೆ."

"ನಿಜ ಹೇಳ್ಬಾರ್ದಿತ್ತಾ?"

"ಕೋಲಿನ ವಿಷ್ಯ ಯಾರ್ಗೂ ಹೇಳ್ಬ್ಯಾಡಿ ಅಂದೋಳು ನೀನೇ ತಾನೇ," ಎಂದು ಹಾಲಿನ ಕ್ಯಾನು ತೊಳೆಯಲು ಹೋದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ಸಂಜೆ ಚಂದ್ರಣ್ಣನ ಹೆಂಡತಿ ಜಯಮ್ಮ ಹಿತ್ತಲ ಗೋಡೆಯ ಸಂದಿಯಿಂದ ಬಂದಳು. ಹೊನ್ನವಳ್ಳಿಯ ಹುಡುಗಿ, ನನಗಿಂತ ತುಂಬ ಚಿಕ್ಕವಳು, ಮಾತು ಕಡಿಮೆ. ಸೆರಗಿನ ಕೆಳಗೆ ಒಂದು ಬಟ್ಟಲು. ಅದರಲ್ಲಿ ಯಾವುದೋ ಸೊಪ್ಪು ಅರೆದು, ಹರಳೆಣ್ಣೆ ಕಲಸಿ ತಂದಿದ್ದಳು. "ಅರಿಸಿನ ಹಚ್ಬ್ಯಾಡಿ ಅಕ್ಕ, ಹಳದಿ ಎದ್ದು ಕಾಣ್ತದೆ. ಇದಾದ್ರೆ ನೀಲಿ ಬ್ಯಾಗ ಇಳೀತದೆ. ಮ್ಯಾಲೆ ಪೌಡ್ರು ಹಾಕ್ಕಂಡ್ರೆ ಯಾರ್ಗೂ ಗೊತ್ತಾಗಲ್ಲ," ಎಂದು ನನ್ನ ಕೆನ್ನೆಗೆ ಸವರಿದಳು. ಎಷ್ಟು ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದೆಲ್ಲ ಆ ಬೆರಳಿಗೆ ರೂಢಿಯಾಗಿತ್ತು. ಹೋಗುವಾಗ ನನ್ನ ಮುಖ ನೋಡದೆ, "ನಂಗೂ ಕದ ತಗುಲ್ತಿರ್ತದೆ ಅಕ್ಕ," ಎಂದಳು.

ಬಟ್ಟಲು ಹಿಡಿದುಕೊಂಡು ನಿಂತೇ ಇದ್ದೆ. ಒಂದೇ ಗೋಡೆಯ ಆಚೆ. ಅವಳು ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಡುವುದನ್ನು ಕಂಡು, ಹೊನ್ನವಳ್ಳಿ ಕಡೆಯ ಫ್ಯಾಷನ್ನಿರಬೇಕು ಎಂದು ನಾನೇ ತಮಾಷೆ ಮಾಡಿದ್ದೆ. ಆ ಹೊತ್ತಿನಲ್ಲಾದರೂ "ಜಯಾ, ನನಗೆ ಯಾರೂ ಹೊಡೆದಿಲ್ಲ" ಎನ್ನಬಹುದಿತ್ತು. ಎನ್ನಲಿಲ್ಲ. ಅವಳ ಔಷಧಿಯನ್ನೂ, ಅವಳು ಬಿಚ್ಚಿಟ್ಟ ಮಾತನ್ನೂ, ನನ್ನದಲ್ಲದ ನೋವಿನ ಹೆಸರಿನಲ್ಲಿ ಇಸಿದುಕೊಂಡು ಒಳಗೆ ಬಂದೆ. ಸುಳ್ಳು ಹೇಳಿ ಬೇರೆಯವರ ಪಂಕ್ತಿಯಲ್ಲಿ ಊಟಕ್ಕೆ ಕೂತವಳಂತೆ ಆಗಿತ್ತು. ಆ ಸಂಜೆಯ ನಾಚಿಕೆಯ ಮುಂದೆ ತೂಗುಮಣೆಯದು ಏನೂ ಅಲ್ಲ.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಯಜಮಾನರ ಸೋದರತ್ತೆ ಗಂಗಮ್ಮಜ್ಜಿ ನಮ್ಮ ವಂಶಕ್ಕೆಲ್ಲ ಹಿರಿಯಳು. ಕಣ್ಣು ಮಂದ, ನಾಲಗೆ ಚುರುಕು. ಅವಳು ಊರುಗೋಲು ಊರಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟಳು. "ನಂಜುಂಡ, ನಮ್ಮ ಮನೆತನದಾಗೆ ಹೆಂಡ್ರಿಗೆ ಹೊಡ್ದೋರಿಲ್ಲ ಕಣ್ಲಾ. ನಾಳೀಕೆ ಸೋಮ್ವಾರ. ಬಸವಣ್ಣನ ಗುಡೀಗೆ ತಪ್ಪುಕಾಣಿಕೆ ಹಾಕಿ, ಎಲ್ರೆದ್ರುಗೆ ಕಾಯಿ ಒಡಿ. ಆಮ್ಯಾಲೆ ನಿನ್ ಕೈನಾಗೆ ನೀರು ಕುಡೀತೀನಿ."

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನಾನು ಇವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಇವರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, "ಆಯ್ತತ್ತೆ," ಎಂದರು.

ಸೋಮವಾರ ಬೆಳಿಗ್ಗೆ ಸೀರೆ ನೆರಿಗೆ ಹಿಡಿಯುತ್ತಾ ಹಿತ್ತಲಿಗೆ ಬಂದೆ. ಅಲ್ಲಿ ಇವರು ಕಾಯಿ ಆರಿಸುತ್ತಿದ್ದರು. ತೆಂಗಿನ ಸೀಮೆಯವರಿಗೆ ಕಾಯಿ ಆರಿಸುವುದೆಂದರೆ ಸುಮ್ಮನೆ ಅಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ತುಂಬಿದೆಯೋ ಇಲ್ಲವೋ ಕೇಳಿ, ಉಗುರಿನಿಂದ ತಟ್ಟಿ, ಪಕ್ಕಕ್ಕಿಟ್ಟು, ಮತ್ತೊಂದು ಎತ್ತಿಕೊಳ್ಳುತ್ತಿದ್ದರು. ಕಡೆಗೊಂದನ್ನು ಮೆಚ್ಚಿ, ಸುಲಿಯುವ ಸಲಾಕೆಗೆ ಚುಚ್ಚಿ, ಜುಟ್ಟು ಮಾತ್ರ ಬಿಟ್ಟು ಸುಲಿದರು. ಆಮೇಲೆ ಚಿಪ್ಪಿನ ಮೇಲೆ ಅಂಟಿದ್ದ ಒಂದೊಂದೇ ನಾರನ್ನು ಕಿತ್ತು ನುಣ್ಣಗೆ ಮಾಡತೊಡಗಿದರು. ಮಗಳ ಮದುವೆಯ ಕಾಯಿಯನ್ನೂ ಅವರು ಹೀಗೆಯೇ ಸುಲಿದಿದ್ದರು. ಮಾಡದ ತಪ್ಪಿನ ಕಾಯಿಗೂ ಅಷ್ಟೇ ಅಚ್ಚುಕಟ್ಟು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಒಳಗೆ ಹೋಗಿ ಸರಪಳಿಯ ಕೋಲುಗಳನ್ನು ಮೊಳೆಯಿಂದ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿ ಇವರ ಹಿಂದೆ ಹೊರಟೆ.

ಗುಡಿಯ ಮುಂದೆ ಜನ ಇದ್ದರು. ಅಜ್ಜಿ, ಡೈರಿಯವರು, ಚಂದ್ರಣ್ಣ, ಅವನ ಹಿಂದೆ ಜಯಮ್ಮ. ಇವರು ಕಾಯಿ ಎತ್ತಿದಾಗ ನಾನು, "ತಡೀರಿ," ಎಂದೆ. ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವ ನನ್ನ ದನಿ ಅಂದು ನನಗೇ ಸರಿಯಾಗಿ ಕೇಳಲಿಲ್ಲ. "ಇವ್ರು ನಂಗೆ ಹೊಡ್ದಿಲ್ಲ. ಕದಾನೂ ತಗುಲಿಲ್ಲ. ನಾನೇ ಹೊಡ್ಕೊಂಡೆ, ಇದ್ರಲ್ಲಿ," ಎಂದು ಕೋಲು ತೆಗೆದೆ.

ಯಾರೂ ನಂಬಲಿಲ್ಲ. ನಂಬದ್ದು ಅವರ ತಪ್ಪಲ್ಲ. ಗಂಡನನ್ನು ಉಳಿಸಲು ಹೆಂಡತಿಯಾದವಳು ಏನೇನೋ ಕಟ್ಟುತ್ತಾಳೆ. ಆದರೆ ಇಂಥದ್ದನ್ನು ಕಟ್ಟಿದವಳನ್ನು ಅವರು ಈವರೆಗೆ ನೋಡಿರಲಿಲ್ಲ ಅಷ್ಟೆ. "ಬೀಸಿ ತೋರ್ಸವ್ವ, ಹೆಂಗೆ ತಗಲ್ತದೆ ನೋಡಾನ," ಎಂದಳು ಅಜ್ಜಿ.

ಸೆರಗು ಸಿಕ್ಕಿಸಿ, ಬಸವಣ್ಣನ ಎದುರಿಗೆ ಬೀಸಿದೆ. ಹಗ್ಗದ್ದು ತಿಂಗಳುಗಟ್ಟಲೆ ನನ್ನ ಮೊಣಕೈ, ಮಂಡಿ, ಕಿವಿ ಯಾವುದನ್ನೂ ಬಿಡದೆ ಬಡಿದಿತ್ತು, ಸರಪಳಿಯದ್ದು ಮೊದಲ ದಿನವೇ ಕೆನ್ನೆ ಊದಿಸಿತ್ತು. ಅಂದು ಮಾತ್ರ ಅದು ಹೆಗಲ ಮೇಲಿಂದ ಹೋಗಿ ಕಂಕುಳಲ್ಲಿ ಬಂದು ನಿಂತಿತು. ಇನ್ನೊಂದು ಕಡೆಗೆ ಬೀಸಿದೆ, ಅದೂ ಹಾಗೆಯೇ. ಶಬಾನಾ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು. ಅಜ್ಜಿ ಊರುಗೋಲು ಕುಟ್ಟಿ, "ಇಷ್ಟು ಚೆಂದಾಗಿ ಆಡ್ಸೋಳ್ಗೆ ಮಖಕ್ಕೆ ಹೆಂಗವ್ವ ತಗುಲ್ತು? ಸುಮ್ಕೆ ಗಂಡನ್ನ ವಯಿಸ್ಕಂತೀಯ. ನಂಜುಂಡ, ಕಾಯಿ ಒಡಿ," ಎಂದಳು.

ನನ್ನ ಜನ್ಮದಲ್ಲಿ ಚೆನ್ನಾಗಿ ಮಾಡಿದ್ದಕ್ಕೆ ಅಷ್ಟು ಸಂಕಟಪಟ್ಟಿದ್ದಿಲ್ಲ. "ತಡೀರಿ, ತಡೀರಿ," ಎಂದು ಮತ್ತೆ ಬೀಸಿದೆ, ಈ ಸಲ ಗಾಬರಿಯಲ್ಲಿ. ಸರಪಳಿಗೆ ಬೇಕಾಗಿದ್ದೇ ಅದು. ಝಲ್ಲೆಂದು ಹಿಂದಿನಿಂದ ಸುತ್ತಿ ಬಂದು ನನ್ನ ಹಣೆಗೆ ಟಕ್ಕನೆ ಬಡಿಯಿತು. ಒಂದು ಕ್ಷಣ ಬಸವಣ್ಣ ಇಬ್ಬರಾಗಿ ಕಂಡ. ಆಮೇಲೆ ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಜ್ಜಿಯಂತೂ ಹಲ್ಲಿಲ್ಲದ ಬಾಯಿ ತೆರೆದು ಕಣ್ಣೀರು ಬರುವಂತೆ ನಕ್ಕು, ಇವರ ಕೈಯಲ್ಲಿದ್ದ ಕಾಯಿ ಕಿತ್ತುಕೊಂಡು, "ಇದು ಇವ್ಳು ಒಡೀಲಿ ಕಣ್ಲಾ," ಎಂದು ನನ್ನ ಕೈಗೆ ಕೊಟ್ಟಳು. ತಪ್ಪುಕಾಣಿಕೆ ಹಾಕಿದೆ. ಕಾಯಿ ಒಡೆದೆ. ಮೇಲೆ ನೋಡುವಷ್ಟು ಮುಖವಿರಲಿಲ್ಲ. ಆದರೂ ಒಮ್ಮೆ ನೋಡಿದೆ. ನಗದೆ ಇದ್ದವರು ಇಬ್ಬರೇ. ನಮ್ಮ ಯಜಮಾನರು ನನ್ನ ಹಣೆ ನೋಡುತ್ತಿದ್ದರು. ಜಯಮ್ಮ ನನ್ನ ಕೈಯ ಕೋಲು ನೋಡುತ್ತಿದ್ದಳು.

ಆಮೇಲೆ ಊರೆಲ್ಲ ನನ್ನನ್ನು ಕರಾಟೆ ಟೀಚರ್ ಎಂದು ಕರೆಯತೊಡಗಿತು. ಕ್ಷೌರದ ಅಂಗಡಿಯವನಿಗೆ ಮತ್ತೆ ಬಾಯಿ ಬಂತು. ನನಗೆ ಅದೊಂದೂ ನಾಟಲಿಲ್ಲ. ಮನಸ್ಸೆಲ್ಲ ಆ ಬಟ್ಟಲ ಮೇಲಿತ್ತು. ತೊಳೆದಿಟ್ಟಿದ್ದೆ, ಹಿಂದಿರುಗಿಸುವ ಧೈರ್ಯವಿರಲಿಲ್ಲ. ಏನೆಂದು ಕೊಡಲಿ? ಕೊನೆಗೆ ಅವಳೇ ಒಂದು ಮಧ್ಯಾಹ್ನ ಗೋಡೆಯ ಸಂದಿಯಿಂದ ಬಂದಳು.

"ಜಯಾ, ಅವತ್ತೇ ಹೇಳ್ಬೇಕಿತ್ತು ನಾನು. ನಂಗೆ ನಾಚ್ಕೆ ಆಗ್ತದೆ ಕಣೇ," ಎಂದೆ.

"ಬುಡಿ ಅಕ್ಕ," ಎಂದಳು. ಬಟ್ಟಲಿಗೆ ಬಂದವಳಲ್ಲ. ನಡುಮನೆಗೆ ಬಂದು ಮೊಳೆಗಳ ಕಡೆ ನೋಡುತ್ತಾ ನಿಂತಳು. ಹಗ್ಗದ್ದನ್ನು ಮುಟ್ಟಿದಳು, ಸರಪಳಿಯದ್ದನ್ನು ಮುಟ್ಟಿದಳು, ಅದು ಝಲ್ಲೆಂದಾಗ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. "ಇದ್ರಾಗೆ ಯಾವ್ದು ವಾಸಿ ಅಕ್ಕ? ಸದ್ದಾಗದ್ದು ಕೊಡಿ. ನಮ್ಮನೇಲಿ ಗೊತ್ತಾಗಬಾರ್ದು."

ಎಷ್ಟು ತಿಂಗಳಿಂದ ಹುಡುಗಿಯರ ಬಾಯಲ್ಲಿ ಕೇಳಿದ ಪ್ರಶ್ನೆ. ಹಗುರ, ತೂಕ, ಸವೆತ, ಬೇರಿಂಗು ಎಲ್ಲವೂ ನನಗೆ ಬಾಯಿಪಾಠ. ಸರಪಳಿಯ ದೊಡ್ಡ ದೋಷವೇ ಸದ್ದು ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಆದರೆ ಗೋಡೆಯ ಆಚೆ ಸದ್ದಿಲ್ಲದೆ ನಡೆದದ್ದು ಸಾಕಾಗಿತ್ತು. ಸರಪಳಿಯದ್ದನ್ನೇ ಮೊಳೆಯಿಂದ ತೆಗೆದು ಅವಳ ಕೈಗೆ ಕೊಟ್ಟೆ.

"ಇದೇ ತಗೋ. ಬೀಸೋದು ಆಮೇಲೆ ಕಲಿಯುವಂತೆ, ದಿನಾ ಮಧ್ಯಾಹ್ನ ಇಲ್ಲಿಗೇ ಬಾ. ಸದ್ಯಕ್ಕೆ ಕದದ ಹಿಂದೆ ನೇತು ಹಾಕು. ಕದ ತಗುಲೋ ಹಂಗಾದಾಗ ಅಲ್ಲಾಡ್ಸು. ನಮಗೆ ಕೇಳ್ಬೇಕು."

ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋಗಿ, ಏನನ್ನಿಸಿತೋ, ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಹೋದಳು. ಅಷ್ಟರಿಂದ ಎಲ್ಲ ಸರಿಹೋಯಿತು ಎಂದು ನಿಮಗೆ ಹೇಳಲಾರೆ. ಅವಳು ಮಧ್ಯಾಹ್ನ ಬರುತ್ತಾಳೆ, ನೈಲಾನ್ ಹಗ್ಗದ್ದರಲ್ಲಿ ಕಲಿಯುತ್ತಾಳೆ, ನನಗಿಂತ ಚುರುಕು. ಚಂದ್ರಣ್ಣ ಈಗಲೂ ವಿಭೂತಿ ಹಚ್ಚುತ್ತಾನೆ, ಈಗಲೂ ಅಕ್ಕ ಎನ್ನುತ್ತಾನೆ.

ಹೋದ ವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಝಲ್ಲೆಂದಿತು. ಗಾಳಿಗೆ ಇರಬಹುದೇ ಎಂದು ನಾನು ಬೆಂಕಿಪೆಟ್ಟಿಗೆ ಹಿಡಿದುಕೊಂಡು ಯೋಚಿಸುತ್ತಾ ನಿಂತೆ. ಅವರು ಕರೆಯದೆ ನಾವಾಗಿ ನುಗ್ಗಿದರೆ ಏನಂದುಕೊಂಡಾರು ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಎರಡನೆಯ ಸಲ ಝಲ್ಲೆನ್ನುವಷ್ಟರಲ್ಲಿ ನಮ್ಮ ಯಜಮಾನರು ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು, ಅವರ ಅಂಗಳಕ್ಕೆ ಇಳಿದಾಗಿತ್ತು. "ಚಂದ್ರಣ್ಣ, ಒಂಚೂರು ಮಜ್ಜಿಗೆ ಐತೇನಪ್ಪ," ಎಂದು ಅವರು ಕೇಳುವುದು ನಮ್ಮ ಮನೆಗೆ ಕೇಳಿಸಿತು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನೂ ಓಡಿದೆ.